ಮೈದುನನ ಶೆಡ್ಡಿನ ಗಾಡಿ

ಹಲ್ಲು ಕಟ್ಟುವವನಿಗೆ ಬಾಯಿ ಕಾಣುವುದಿಲ್ಲ. ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ. ಅವನು ಅದರೊಳಗೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸುತ್ತಾನೆ, ಮೇಣದಲ್ಲಿ ಹಲ್ಲು ತಿದ್ದುತ್ತಾನೆ, ಮೇಣ ಕರಗಿಸಿ ಲೋಹ ಎರೆಯುತ್ತಾನೆ, ತಿಕ್ಕಿ ತೀಡಿ ಹೊಳಪು ಕೊಟ್ಟು ಪುಟ್ಟ ಡಬ್ಬಿಯಲ್ಲಿಟ್ಟು ವಾಪಸು ಕಳಿಸುತ್ತಾನೆ. ಆ ಹಲ್ಲು ಯಾರ ನಗೆಯಾಯಿತು, ಯಾರ ಊಟವಾಯಿತು, ಅವನಿಗೆ ತಿಳಿಯುವುದಿಲ್ಲ. ಡಾಕ್ಟರುಗಳೆಲ್ಲ ಅವನನ್ನು ‘ಲ್ಯಾಬಿನವರು’ ಎಂದೇ ಕರೆಯುತ್ತಿದ್ದರು. ಔಷಧಿ ಅಂಗಡಿಯ ಮೇಲಿನ ಒಂದೇ ಒಂದು ಕೋಣೆ ಅವನ ಲ್ಯಾಬು. ಮೇಜು, ದೀಪ, ತಿಕ್ಕುವ ಮೋಟಾರು, ಎಲ್ಲದರ ಮೇಲೂ ಹಿಟ್ಟು ಜರಡಿ ಹಿಡಿದಂತೆ ಬಿಳಿ ಧೂಳು. ಹೆಂಡತಿ ತೀರಿಕೊಂಡ ಮೇಲೆ ಸೋಮವಾರದಿಂದ ಶನಿವಾರದವರೆಗೆ ಅವನು ಆಡುತ್ತಿದ್ದ ಮಾತುಗಳೆಲ್ಲ ಹಲ್ಲಿನ ಬಣ್ಣದ ಬಗ್ಗೆ. ತುಸು ಹಳದಿ ಇರಲಿ, ತುಸು ಬೂದು ಇರಲಿ, ಅಷ್ಟೇ. ಮಕ್ಕಳಿರಲಿಲ್ಲ.

ಆದರೆ ಭಾನುವಾರ ಬರುತ್ತಿತ್ತು. ಭಾನುವಾರ ಬೆಳಗಾದರೆ ಅವನು ಮೈದುನನ ಶೆಡ್ಡಿಗೆ ಹೋಗುತ್ತಿದ್ದ.

ಮೈದುನ ಎಂದರೆ ಹೆಂಡತಿಯ ಒಬ್ಬನೇ ತಮ್ಮ, ಗಾಡಿ ರಿಪೇರಿಯವನು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಮೀಸೆಯಲ್ಲಿ ಬಿಳಿ ಇಣುಕಿದೆ, ಆದರೂ ಅಕ್ಕನ ಬಾಯಲ್ಲಿ ಕೊನೆಯವರೆಗೂ ಅವನು ‘ಪುಟ್ಟ’. ಮನೆಯ ಹಿಂದೆಯೇ ಶೆಡ್ಡು. ಮೂರು ಗಾಡಿ ನಿಲ್ಲುವಷ್ಟು ಜಾಗ. ಗೋಡೆ ಪಕ್ಕದ ಜಾಗದಲ್ಲಿ ಭಾವ ಮೈದುನ ಇಬ್ಬರ ಗಾಡಿ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಚಕ್ರವಿಲ್ಲದೆ ಕೂತಿತ್ತು. ಒಂದು ಕಾಲದಲ್ಲಿ ದೊಡ್ಡವರ ಮನೆಬಾಗಿಲಲ್ಲಿ ನಿಂತು, ಆಮೇಲೆ ಅಗ್ಗಕ್ಕೆ ಇವನ ಪಾಲಿಗೆ ಬಂದ ಸೆಡಾನ್ ಅದು. ಚರ್ಮದ ಸೀಟು, ಮರದ ಪಟ್ಟಿ ಹೊಡೆದ ಡ್ಯಾಶ್‌ಬೋರ್ಡು, ಮುಚ್ಚಿದರೆ ಪುಸ್ತಕ ಮುಚ್ಚಿದಂತೆ ಸದ್ದು ಮಾಡುವ ಬಾಗಿಲು. ಎಲ್ಲ ಇತ್ತು, ಓಟ ಒಂದು ಇರಲಿಲ್ಲ. ಹೆಂಡತಿ ಹೋದ ಹೊಸತರಲ್ಲಿ ಅವನು ಶೆಡ್ಡಿನ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಾಗ ಮೈದುನನಿಗೆ ಏನು ಮಾತಾಡಬೇಕೋ ತೋಚದೆ, ಭಾವ, ನಿಮ್ಮ ಈ ಆನೆಗೊಂದು ಟರ್ಬೊ ಹಾಕೋಣವಾ ಎಂದಿದ್ದ. ಹಾಕೋಣ ಎಂದಿದ್ದ ಇವನು. ಆರಂಭವಾದದ್ದು ಹಾಗೆ.

ಟರ್ಬೊ ಎಂದರೇನು ಎಂದು ಮೈದುನ ಅವತ್ತೇ ಬಿಡಿಸಿ ಹೇಳಿದ್ದ. ಎಂಜಿನ್ನು ಹೊರಗೆ ಬಿಡುವ ಉಸಿರಿನ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ, ಆ ಚಕ್ರ ತಿರುಗಿದ್ದಕ್ಕೆ ಒಳಗೆ ಎಳೆಯುವ ಉಸಿರು ಇಮ್ಮಡಿಯಾಗುತ್ತದೆ. ಬಿಟ್ಟ ಉಸಿರೇ ಮರಳಿ ಬಲವಾಗುತ್ತದೆ. ಇವನಿಗೆ ಆ ಮಾತು ಬಹಳ ಹಿಡಿಸಿತು. ಆ ರಾತ್ರಿ ಮಲಗುವಾಗಲೂ ಅದನ್ನೇ ನೆನೆದುಕೊಂಡ.

ಶೆಡ್ಡಿನಲ್ಲಿ ಕೆಲಸಕ್ಕಿಂತ ಮಾತು ಹೆಚ್ಚು. ಮೈದುನ ಗಾಡಿಯ ಕೆಳಗೆ ಮಲಗಿ ಅಲ್ಲಿಂದಲೇ ಅಕ್ಕನನ್ನು ಕೊಟ್ಟು ಇವರನ್ನು ತಂದುಕೊಂಡೆವು, ಭಾರೀ ಲುಕ್ಸಾನಾಯಿತು ಎಂದರೆ, ಇವನು ಬೋಲ್ಟು ಒರೆಸುತ್ತ, ನಿಮ್ಮಪ್ಪ ಜೊತೆಗೆ ನಿನ್ನನ್ನೂ ಗಂಟು ಹಾಕಿದರಲ್ಲ, ಲುಕ್ಸಾನು ನನಗೆ ಎನ್ನುತ್ತಿದ್ದ. ಇದೇ ಮಾತು ವಾರ ವಾರವೂ. ಹಳಸುತ್ತಿರಲಿಲ್ಲ. ಮಧ್ಯಾಹ್ನ ಮೈದುನನ ಹೆಂಡತಿ ತಟ್ಟೆ ತಂದು ಟೂಲ್‌ಬಾಕ್ಸಿನ ಮೇಲಿಟ್ಟು ಹೋಗುತ್ತಿದ್ದಳು. ಇಬ್ಬರೂ ಗ್ರೀಸು ಕೈಯನ್ನು ಅರ್ಧಂಬರ್ಧ ತೊಳೆದು ನಿಂತೇ ತಿನ್ನುತ್ತಿದ್ದರು.

ಹೆಂಡತಿ ಇದ್ದಾಗ ಮೈದುನ ಮೈದುನನೇ. ಹೆಂಡತಿ ಹೋದ ಮೇಲೆ ಅವನು ಏನಾಗುತ್ತಾನೆ? ನಂಟಿಗೆ ಹೆಸರು ಉಳಿದಿತ್ತು, ನಡುವಿನ ಮನುಷ್ಯ ಉಳಿದಿರಲಿಲ್ಲ. ಆ ನಡುವಿನ ಜಾಗದಲ್ಲಿ ಈಗ ಗಾಡಿ ನಿಂತಿತ್ತು. ಗಾಡಿ ಮುಗಿದರೆ? ಈ ಪ್ರಶ್ನೆಯನ್ನು ಅವನು ಯಾರ ಮುಂದೆಯೂ ಎತ್ತಿರಲಿಲ್ಲ, ತನ್ನ ಮುಂದೆಯೂ ಕೂಡ. ಶನಿವಾರ ಸಂಜೆ ಲ್ಯಾಬಿಗೆ ಬೀಗ ಹಾಕುವಾಗ ಮಾತ್ರ ಅದು ಬೆನ್ನ ಹಿಂದೆ ಬಂದು ನಿಂತಂತೆ ಆಗುತ್ತಿತ್ತು. ಆಗ ಅವನು, ಇನ್ನೂ ಬಹಳ ಕೆಲಸ ಇದೆ, ಪಿಸ್ಟನ್ ಬದಲಿಸಬೇಕು, ಎಣ್ಣೆಯ ಕೊಳವೆ ಎಳೆಯಬೇಕು ಎಂದು ಸಮಾಧಾನ ಹೇಳಿಕೊಂಡು ಮೆಟ್ಟಿಲಿಳಿಯುತ್ತಿದ್ದ.

ಮೈದುನ ಆಗಾಗ ಬೇರೆ ರಾಗ ತೆಗೆಯುತ್ತಿದ್ದ. ಕಂಪನಿಯಲ್ಲೇ ಟರ್ಬೊ ಹಾಕಿ ಬಂದ ಗಾಡಿ ಹಳೆಯದು ಸಿಕ್ಕರೆ ಅದೇ ಮೇಲು ಎನ್ನುವುದು ಅವನ ವಾದ. ಅದರ ಪಿಸ್ಟನ್ನು ಆ ಒತ್ತಡಕ್ಕೆಂದೇ ಮಾಡಿದ್ದು. ಗೇರ್‌ಬಾಕ್ಸು, ಬ್ರೇಕು, ರೇಡಿಯೇಟರು ಎಲ್ಲವೂ ಒಂದಕ್ಕೊಂದು ಗೊತ್ತಿದ್ದು ಹುಟ್ಟಿದವು. ನಾವು ತಂದು ಅಂಟಿಸಿದರೆ ಒಂದಕ್ಕೆ ಬಲ ಬರುತ್ತದೆ, ಇನ್ನೊಂದು ಸೋಲುತ್ತದೆ. ಎಂಜಿನ್ನು ತಡೆದರೆ ಗೇರ್‌ಬಾಕ್ಸು ಕೈ ಎತ್ತುತ್ತದೆ. ಇವನು ಬಿಟ್ಟುಕೊಡುತ್ತಿರಲಿಲ್ಲ. ಕೊಂಡ ಗಾಡಿಯ ಹೊಟ್ಟೆಯೊಳಗೆ ಏನಿದೆಯೋ ಯಾರು ಕಂಡವರು? ಹಿಂದಿನವನು ಎಣ್ಣೆ ಬದಲಿಸದೆ ಓಡಿಸಿದ್ದರೆ? ಕಟ್ಟಿದ ಗಾಡಿಯಾದರೆ ಒಂದೊಂದು ನಟ್ಟೂ ನಮ್ಮ ಕೈ ಬಲ್ಲದು. ಮೈದುನ ಗಾಡಿಯ ಕೆಳಗಿಂದ ಮುಖ ಹೊರಹಾಕಿ, “ಭಾವ, ಬೇರಿರೋ ಹಲ್ಲೇ ಬೇರೆ, ನೀವು ಕಟ್ಟೋ ಹಲ್ಲೇ ಬೇರೆ. ಇದನ್ನ ನಾನು ನಿಮಗೆ ಹೇಳಬೇಕಾ?” ಎಂದಿದ್ದ ಒಮ್ಮೆ. ಇವನು ನಕ್ಕುಬಿಟ್ಟಿದ್ದ.

ಕೆಡುಕಾದದ್ದು ಅಚ್ಚಿನಿಂದ.

ಎಂಜಿನ್ನಿನ ಬದಿಯಲ್ಲಿ ಹೊಗೆ ಬರುವ ಬಾಯಿಗಳಿರುತ್ತವೆ. ಆ ಬಾಯಿಗಳನ್ನೆಲ್ಲ ಒಂದೇ ಕೊಳವೆಗೆ ಸೇರಿಸಿ ಟರ್ಬೊಗೆ ಒಯ್ಯುವ ಕಬ್ಬಿಣದ ಕವಲು ಒಂದು ಬೇಕು. ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಅಳತೆ ಕೊಟ್ಟು ವೆಲ್ಡಿಂಗಿನವನ ಹತ್ತಿರ ಮಾಡಿಸಬೇಕು. ಅಳತೆ ತೆಗೆಯುವುದು ಹೇಗೆ ಎಂದು ಮೈದುನ ತಲೆ ಕೆರೆದುಕೊಳ್ಳುತ್ತಿದ್ದಾಗ ಇವನ ಮುಖ ಅರಳಿತು. ಬಾಯಿಯ ಅಚ್ಚಿನಿಂದ ಅಳತೆ ಎಬ್ಬಿಸುವುದೇ ನನ್ನ ಕಸುಬು ಎಂದ. ಮುಂದಿನ ವಾರ ಲ್ಯಾಬಿನಿಂದ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಪುಡಿ ತಂದು, ನೀರಲ್ಲಿ ಕಲಸಿ, ತಗಡಿನ ತಟ್ಟೆಗೆ ತುಂಬಿ, ಎಂಜಿನ್ನಿನ ಬದಿಗೆ ಒತ್ತಿ ಹಿಡಿದ. ಗಾಡಿಗೂ ಹಲ್ಲು ಕಟ್ಟಿಸ್ತಿದ್ದೀವಿ ನೋಡೇ ಎಂದು ಮೈದುನ ಹೆಂಡತಿಯನ್ನು ಕೂಗಿ ಕರೆದ. ಅವಳು ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಚ್ಚು ಗಟ್ಟಿಯಾಗುವವರೆಗೆ ಇವನು ಮೈದುನನಿಗೆ ಪಾಠ ಹೇಳಿದ: ಈ ಅಚ್ಚು ಬಹಳ ಚಂಚಲ, ತೆಗೆದ ಕೂಡಲೇ ಪ್ಲಾಸ್ಟರ್ ಸುರಿಯಬೇಕು, ಒಣಗಲು ಬಿಟ್ಟರೆ ಕುಗ್ಗುತ್ತದೆ, ಒದ್ದೆ ಬಟ್ಟೆಯಲ್ಲಿಟ್ಟರೆ ಉಬ್ಬುತ್ತದೆ, ಹೇಗಿಟ್ಟರೂ ಮರುದಿನಕ್ಕೆ ಅದು ಬೇರೆಯವರ ಬಾಯಿ.

ಅಂಥವನು ಅದನ್ನು ಮನೆಗೆ ತಂದು, ಒದ್ದೆ ಬಟ್ಟೆ ಸುತ್ತಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮಲಗಿದ. ಮರುದಿನ ಸಂಜೆ ನೋಡಿದ, ಮುಟ್ಟಲಿಲ್ಲ. ಅದರ ಮರುದಿನ ಸುರಿದ. ಯಾಕೆ ಹಾಗೆ ಮಾಡಿದ ಎಂದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಮನೆಯಲ್ಲಿ ಆ ಗುಲಾಬಿ ಮುದ್ದೆ ಇದ್ದಷ್ಟು ಹೊತ್ತು ಭಾನುವಾರದ ಒಂದು ತುಂಡು ಮನೆಯಲ್ಲಿದ್ದ ಹಾಗೆ ಇತ್ತು. ಅವಸರವೇನು ಎನ್ನಿಸಿತ್ತು. ಇಷ್ಟು ವರ್ಷ ಯಾರದೋ ಒಂದು ಹಲ್ಲಿನ ಅಚ್ಚನ್ನೂ ಅವನು ಹಾಗೆ ಕಾಯಿಸಿದವನಲ್ಲ.

ಪ್ಲಾಸ್ಟರಿನ ಮಾದರಿ ನೋಡಿ ವೆಲ್ಡಿಂಗಿನವನು ಕವಲು ಮಾಡಿಕೊಟ್ಟ. ಭಾನುವಾರ ಇಬ್ಬರೂ ಹಿಡಿದು ಎಂಜಿನ್ನಿಗೆ ಕೂರಿಸಲು ಹೋದರೆ ಅದು ಕೂರಲಿಲ್ಲ. ಒಂದು ಕೊನೆ ಸೇರಿದರೆ ಇನ್ನೊಂದು ಕೊನೆ ಸರಿಯುತ್ತಿತ್ತು. ಮೈದುನ ಒತ್ತಿದ, ತಿರುಗಿಸಿದ, ಸುತ್ತಿಗೆಯ ಹಿಡಿಯಲ್ಲಿ ಮೆಲ್ಲಗೆ ತಟ್ಟಿದ. ಆಮೇಲೆ ಕವಲನ್ನು ನೆಲದ ಮೇಲಿಟ್ಟು, ಕೈ ಒರೆಸಿಕೊಳ್ಳುತ್ತ, ಇವನ ಮುಖ ನೋಡದೆ ಕೇಳಿದ.

“ಅಚ್ಚು ಯಾವಾಗ ಸುರಿದ್ರಿ ಭಾವ?”

ಸುಳ್ಳು ಹೇಳಬಹುದಾಗಿತ್ತು. ವೆಲ್ಡಿಂಗಿನವನ ತಲೆಗೆ ಕಟ್ಟಬಹುದಾಗಿತ್ತು. ಇವನು ಇದ್ದದ್ದು ಇದ್ದ ಹಾಗೆ ಹೇಳಿದ. ಮೈದುನ ಹೂಂ ಎಂದ. ಬೈಯಲಿಲ್ಲ, ತಮಾಷೆ ಮಾಡಲಿಲ್ಲ. ಲುಕ್ಸಾನಿನ ಮಾತು ಅವತ್ತು ಬರಲಿಲ್ಲ. ಗೋಡೆಯ ಮೊಳೆಗೆ ಸ್ಪ್ಯಾನರುಗಳನ್ನು ಒಂದೊಂದಾಗಿ ತೂಗುಹಾಕಿ, ಇವತ್ತಿಗೆ ಸಾಕು ಎಂದ. ಆಗ ಇವನಿಗೆ ಅರ್ಥವಾಯಿತು: ತನಗಿಂತ ಮೊದಲೇ ಮೈದುನನಿಗೆ ಅರ್ಥವಾಗಿದೆ. ಗಾಡಿ ಮುಗಿಯುವುದು ಭಾವನಿಗೆ ಬೇಕಿಲ್ಲ.

ಮೈದುನ ಕೈ ತೊಳೆಯಲು ಒಳಗೆ ಹೋದಾಗ ಅವನ ಹೆಂಡತಿ ಚಹಾ ತಂದಳು. ಲೋಟ ಕೊಟ್ಟವಳು ಹೋಗಲಿಲ್ಲ. ಅವಳು ಮದುವೆಯಾಗಿ ಬಂದಂದಿನಿಂದ ಇವನನ್ನು ಅಣ್ಣ ಎಂದೇ ಕರೆದವಳು, ಅಣ್ಣನೆಂದೇ ನಡೆಸಿಕೊಂಡವಳು. ವಾರವೆಲ್ಲ ಗಿರಾಕಿಗಳ ಗಾಡಿ, ಭಾನುವಾರ ಈ ಗಾಡಿ. ಮಕ್ಕಳು ಅಪ್ಪನ ಕಾಲು ಮಾತ್ರ ನೋಡಿ ಬೆಳೆಯುತ್ತಿದ್ದಾರೆ ಎಂದು ನಗುನಗುತ್ತಲೇ ಶುರು ಮಾಡಿದಳು. ಇವನೂ ನಕ್ಕ. ಆಮೇಲೆ ಅವಳ ನಗು ನಿಂತಿತು.

“ಬೇಜಾರು ಮಾಡ್ಕೋಬೇಡಿ ಅಣ್ಣ. ಅವರು ಬಾಯಿಬಿಟ್ಟು ಹೇಳೋದಿಲ್ಲ, ನಾನು ಹೇಳಿದೆ ಅಂತಾನೂ ಗೊತ್ತಾಗೋದು ಬೇಡ. ಅವರಿಗೂ ಒಂದಿನ ಬೇಕಲ್ವಾ?”

“ಬೇಕಮ್ಮ,” ಎಂದ ಇವನು. ಚಹಾ ಬಿಸಿಯಿತ್ತು. ಗಟಗಟ ಕುಡಿದು ಲೋಟ ಕೊಟ್ಟ.

ಆ ವಾರ ಲ್ಯಾಬಿನಲ್ಲಿ ಕೂತು ಅವನು ತಿಕ್ಕಿದ್ದನ್ನೇ ತಿಕ್ಕಿದ. ಮೇಣ ತೀಡುವ ಕೈಗೆ ಅದೇ ಮಾತು ಬಂದು ಬಂದು ತಾಗುತ್ತಿತ್ತು. ಅವಳ ಮೇಲೆ ಸಿಟ್ಟು ಬರಲಿಲ್ಲ, ಅದೇ ಕಷ್ಟವಾದದ್ದು. ಸಿಟ್ಟು ಬಂದಿದ್ದರೆ ಅದನ್ನೇ ಅಪ್ಪಿಕೊಂಡು ಕೂರಬಹುದಿತ್ತು. ಮೈದುನ ಇಷ್ಟು ದಿನ ಗಾಡಿ ಕಟ್ಟುತ್ತಿರಲಿಲ್ಲ, ಭಾವನನ್ನು ಕಾಯುತ್ತಿದ್ದ. ರೋಗಿಯ ಪಕ್ಕ ಕೂತವನು ಗೋಡೆ ನೋಡುತ್ತ ಕೂರಲಾರದೆ ಪೇಪರು ಓದುವುದಿಲ್ಲವೇ, ಹಾಗೆ ಅವನು ಬೋಲ್ಟು ಬಿಗಿಯುತ್ತಿದ್ದ. ರೋಗಿ ಎದ್ದು ಓಡಾಡುವಂತಾದ ಮೇಲೂ ಹಾಸಿಗೆ ಬಿಡದಿದ್ದರೆ ಪಕ್ಕದಲ್ಲಿ ಕೂತವನು ಏನು ಮಾಡಬೇಕು?

ಮೈದುನ ಮಾಡಿದ್ದು ಇಷ್ಟು: ಗುರುವಾರ ಫೋನು ಮಾಡಿ, ಒಂದು ಗಾಡಿ ಇದೆ, ನೋಡಿ ಬರೋಣ ಎಂದ.

ಮಾರುವವನು ಕಟ್ಟಡಗಳ ನಕ್ಷೆ ಬರೆಯುವವನು. ಗಾಡಿಯನ್ನು ಮನೆಮಗಳಂತೆ ಇಟ್ಟಿದ್ದ. ಅದೇ ಜಾತಿಯ ಸೆಡಾನ್, ಕಂಪನಿಯಲ್ಲೇ ಟರ್ಬೊ ಹಾಕಿದ್ದು, ಕಡುಬೂದು ಬಣ್ಣ. ಮೈದುನ ಬಾನೆಟ್ ಎತ್ತಿ, ಗಾಳಿಯ ಕೊಳವೆ ಬಿಚ್ಚಿ, ಟರ್ಬೊದ ಚಕ್ರವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಸವೆದಿದ್ದರೆ ಅಲ್ಲಾಡುತ್ತದೆ, ಅಲ್ಲಾಡಲಿಲ್ಲ. ಎಣ್ಣೆಯ ಮುಚ್ಚಳ ತೆಗೆದು ಮೂಸಿದ. ಕೆಳಗೆ ತೂರಿ ಟಾರ್ಚು ಬಿಟ್ಟ. ಹೊರಬಂದಾಗ ಅವನ ಮುಖದಲ್ಲಿ ತಪ್ಪು ಹುಡುಕಿ ಸಿಗದವನ ಖುಷಿ ಇತ್ತು. ಇವನೂ ಒಂದು ತಪ್ಪು ಸಿಗಲಿ ಎಂದು ಸುತ್ತು ಬಂದ. ಹಿಂದಿನ ಬಾಗಿಲ ಮೇಲೆ ಉಗುರು ಗೀರಿದಷ್ಟು ಒಂದು ಗೆರೆ ಬಿಟ್ಟರೆ ಏನೂ ಇರಲಿಲ್ಲ.

ಓಡಿಸಿ ನೋಡಿ ಎಂದ ಮಾರುವವನು. ಇವನು ಸ್ಟಿಯರಿಂಗ್ ಹಿಡಿದ, ಮೈದುನ ಪಕ್ಕದಲ್ಲಿ ಕೂತ. ಊರ ಹೊರಗಿನ ನೇರ ರಸ್ತೆಗೆ ಬಂದಾಗ ಮೈದುನ ಈಗ ಒತ್ತಿ ಎಂದ. ಒತ್ತಿದ. ಒಂದು ಉಸಿರು ಎಳೆಯುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಯಾರೋ ಹಿಂದಿನಿಂದ ಬಂದು ಬೆನ್ನಿಗೆ ಅಂಗೈ ಕೊಟ್ಟು ನೂಕಿದ ಹಾಗೆ, ಗಾಡಿ ಸದ್ದಿಲ್ಲದೆ, ಜಗ್ಗದೆ, ಸುಮ್ಮನೆ ಹೋಯಿತು. ಮರಗಳು ಹಿಂದೆ ಸರಿದವು, ದೀಪದ ಕಂಬಗಳು ಹಿಂದೆ ಸರಿದವು. ಮೈದುನ ಅಂಗೈಯಲ್ಲಿ ತೊಡೆ ಬಡಿದುಕೊಂಡು ನಗುತ್ತಿದ್ದ. ಆ ನಗೆ ಕೇಳಿ ಬಹಳ ಕಾಲವಾಗಿತ್ತು. ಶೆಡ್ಡಿನಲ್ಲಿ ಅವನು ನಗುತ್ತಿದ್ದದ್ದು ಬೇರೆ ನಗು ಎಂದು ಇವನಿಗೆ ಆಗ ಗೊತ್ತಾಯಿತು.

ಇವನು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ.

“ಇದೇ ಇರಲಿ ಕಣೋ,” ಎಂದ.

ಮೈದುನ ತಿರುಗಿ ನೋಡಿದ. “ನಿಜ ಹೇಳಿ ಭಾವ. ನಾನು ಹೇಳ್ದೆ ಅಂತ ಬೇಡ. ಕಟ್ಟಲೇಬೇಕು ಅಂದ್ರೆ ಕಟ್ಟೋಣ, ಆ ಕವಲು ಇನ್ನೊಂದು ಮಾಡ್ಸೋಣ.”

ಅವನು ಮನಸ್ಸಿಟ್ಟೇ ಹೇಳುತ್ತಿದ್ದ. ಒಂದು ಹೂಂ ಎಂದರೆ ಸಾಕಾಗಿತ್ತು, ಭಾನುವಾರಗಳು ಮತ್ತೆ ಸಾಲಾಗಿ ಬರುತ್ತಿದ್ದವು, ಎಷ್ಟು ಬೇಕೋ ಅಷ್ಟು.

“ವಾರವೆಲ್ಲ ಕಟ್ಟೋದೇ ಆಯ್ತಲ್ಲೋ ನಂದು. ರಜಾ ದಿನಾನೂ ಅದೇನಾ? ಸಾಕಾಗಿದೆ ನಂಗೆ. ಒಂದಿಷ್ಟು ಓಡಾಡ್ತೀನಿ ಇನ್ನು.”

ಮೈದುನನ ಎರಡೂ ಭುಜ, ಹೊತ್ತ ಮೂಟೆಯನ್ನು ಇಳಿಸಿದವನ ಭುಜದಂತೆ, ಅಂಗಿಯೊಳಗೆ ತಮಗೆ ತಾವೇ ಇಳಿದವು. ಇವನು ಅದನ್ನು ನೋಡಿಯೂ ನೋಡದವನಂತೆ ಕನ್ನಡಿ ಸರಿಮಾಡಿಕೊಂಡ.

ಹಳೆಯ ಗಾಡಿಯನ್ನು ಮೈದುನ ಬಿಡಿಭಾಗದವನಿಗೆ ಕೊಟ್ಟ. ಗೋಡೆ ಪಕ್ಕದ ಜಾಗಕ್ಕೆ ಮಕ್ಕಳ ಸೈಕಲ್ಲುಗಳು ಬಂದವು ಎಂದು ಇವನಿಗೆ ಫೋನಿನಲ್ಲಿ ತಿಳಿಯಿತು.

ಆಮೇಲಿನ ಭಾನುವಾರಗಳಲ್ಲಿ ಅವನು ನಿಜವಾಗಿಯೂ ಓಡಾಡಿದ. ಎಲ್ಲಿಗೆ ಎಂದು ಇರಲಿಲ್ಲ. ಊರು ಬಿಟ್ಟು ಹೋಗುತ್ತಿದ್ದ, ಎಲ್ಲಾದರೂ ನಿಂತು ಚಹಾ ಕುಡಿಯುತ್ತಿದ್ದ, ತಿರುಗಿ ಬರುತ್ತಿದ್ದ. ಗಾಡಿ ಎಷ್ಟು ಮೆತ್ತಗೆ ಹೋಗುತ್ತಿತ್ತೆಂದರೆ ಒಳಗೆ ಕೂತವನಿಗೆ ತನ್ನ ಉಸಿರೇ ಕೇಳುತ್ತಿತ್ತು. ಪಕ್ಕದ ಸೀಟಿನ ಬೆಲ್ಟು ಮಡಿಸಿದ ಹಾಗೇ ಇತ್ತು. ಮೊದಲಿನ ವಾರಗಳಲ್ಲಿ ಎರಡು ಸಲ, ಯಾವುದೋ ತಿರುವಿನಲ್ಲಿ, ಶೆಡ್ಡಿನ ದಾರಿಗೆ ಕೈ ತಾನಾಗಿ ತಿರುಗಿಸಿತ್ತು. ಅರ್ಧ ದಾರಿಯಿಂದ ವಾಪಸು ಬಂದಿದ್ದ. ಹೋಗಿ ಏನೆಂದು ಹೇಳುವುದು?

ಒಂದು ಭಾನುವಾರ ಬೆಳಿಗ್ಗೆ ಅವನು ಮನೆಯ ಮುಂದೆ ಗಾಡಿಯಲ್ಲಿ ಕೂತು, ಯಾವ ಕಡೆ ಹೋಗುವುದೆಂದು ತೋಚದೆ ಎಂಜಿನ್ನು ಚಾಲೂ ಇಟ್ಟುಕೊಂಡಿದ್ದಾಗ ಮೈದುನನ ಫೋನು ಬಂತು. ಚೆನ್ನಾಗಿದ್ದೀರಾ, ಊಟ ತಿಂಡಿ ಹೇಗೆ ಎಂದೆಲ್ಲ ಆದ ಮೇಲೆ ಮೈದುನ ಕೇಳಿದ.

“ಗಾಡಿ ಹೇಗಿದೆ ಭಾವ? ಸದ್ದು ಗಿದ್ದು ಏನಾದ್ರೂ ಬರ್ತಿದೆಯಾ?”

ಇವನ ಬಾಯಿ ತೆರೆಯಿತು. ಯಾವ ಸದ್ದು ಎಂದು ಹೇಳಬೇಕು ಎನ್ನುವುದು ಚೆನ್ನಾಗಿ ಗೊತ್ತಿತ್ತು. ಎಡಗಡೆಯ ಮುಂದಿನ ಚಕ್ರದ ಹತ್ತಿರ, ತಿರುಗಿಸುವಾಗ ಮಾತ್ರ, ಒಮ್ಮೆ ಬರುತ್ತದೆ ಒಮ್ಮೆ ಬರುವುದಿಲ್ಲ ಎಂದರೆ ಸಾಕು. ಅಂಥ ಸದ್ದನ್ನು ಮೈದುನ ಬಿಟ್ಟವನಲ್ಲ. ಈಗಲೇ ತನ್ನಿ ಎನ್ನುತ್ತಾನೆ. ಇರದ ಸದ್ದನ್ನು ಹುಡುಕುವುದಕ್ಕೆ ಒಂದು ವರ್ಷವಾದರೂ ಬೇಕು.

“ಏನೂ ಇಲ್ಲ ಕಣೋ. ಬಂಗಾರದಂಥ ಗಾಡಿ.”

“ಹಂ. ಮತ್ತೆ?” ಎಂದ ಮೈದುನ.

ಫೋನಿನಲ್ಲಿ ಮಾತು ಮುಗಿದಾಗ ಎಲ್ಲರೂ ಹೇಳುವ ‘ಮತ್ತೆ’ ಅದು. ಅದಕ್ಕೆ ಮತ್ತೇನಿಲ್ಲ ಎಂದು ಹೇಳಿ ಇಡುವುದು ರೂಢಿ. ಇವನು ಇಡಲಿಲ್ಲ. ಎಂಜಿನ್ನು ಆರಿಸಿದ.

“ಮತ್ತೆ… ಗಾಡಿಗೇನೂ ಇಲ್ಲ. ನಂಗೇ ಒಂದ್ಸಲ ಬರಬೇಕು ಅನ್ನಿಸ್ತಿದೆ. ಸುಮ್ನೆ.”

ಮೈದುನ ಫೋನಿಗೆ ಕೈ ಅಡ್ಡ ಇಟ್ಟು ಹೆಂಡತಿಯೊಡನೆ ಏನೋ ಮಾತಾಡಿದ್ದು, ಮಕ್ಕಳು ಚಪ್ಪಲಿ ಹುಡುಕುತ್ತ ಗಲಾಟೆ ಮಾಡಿದ್ದು ಕೇಳಿಸಿತು. ಎಲ್ಲರೂ ಎಲ್ಲಿಗೋ ಹೊರಟಿದ್ದರು. ಇವನು ಹೋಗಿ ಬನ್ನಿ, ಹೋಗಿ ಬನ್ನಿ ಎಂದು ಅವಸರವಸರವಾಗಿ ಹೇಳುವಷ್ಟರಲ್ಲಿ ಫೋನು ಮೈದುನನ ಹೆಂಡತಿಯ ಕೈಗೆ ಬಂತು. ಅಣ್ಣ, ಬರೋ ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ, ಖಂಡಿತ ಬರಬೇಕು ಎಂದಳು. ಅವಳ ದನಿಯಲ್ಲಿ ಪ್ರೀತಿ ಇತ್ತು. ಮನೆಗೆ ಬರುವ ನೆಂಟರನ್ನು ಕರೆಯುವಾಗಿನ ಗೌರವವೂ ಇತ್ತು. ಅಷ್ಟು ವಾರ ಟೂಲ್‌ಬಾಕ್ಸಿನ ಮೇಲೆ ತಟ್ಟೆ ಇಟ್ಟು ಹೋಗುತ್ತಿದ್ದವಳು ಯಾವತ್ತೂ ಹೀಗೆ ಬಾಯಿತುಂಬ ಕರೆದಿರಲಿಲ್ಲ. ಕರೆಯುವ ಅಗತ್ಯವೇ ಇರಲಿಲ್ಲ.

ಬರ್ತೀನಮ್ಮ ಎಂದ.

ಶನಿವಾರ ಅಂಗಿ ಹುಡುಕಿದ. ಬೀರುವಿನಲ್ಲಿ ಇದ್ದದ್ದು ಎರಡೇ ಬಗೆ: ಪ್ಲಾಸ್ಟರಿನ ಬಿಳಿ ಹಿಡಿದವು, ಗ್ರೀಸಿನ ಕಪ್ಪು ಹಿಡಿದವು. ಊಟಕ್ಕೆ ಕೂರುವ ಅಂಗಿ ಒಂದೂ ಇರಲಿಲ್ಲ. ಸಂಜೆ ಲ್ಯಾಬಿಗೆ ಬೀಗ ಹಾಕಿ ಎದುರಿನ ಬಟ್ಟೆ ಅಂಗಡಿಗೆ ಹೋದ. ಅಂಗಡಿಯವನು ಮಾತುಗಾರ. ಯಾತಕ್ಕೆ, ಮದುವೆಗಾ, ಆಫೀಸಿಗಾ ಎಂದು ಕೇಳಿದ. ಮೈದುನನ ಮನೆಗೆ ಊಟಕ್ಕೆ ಎಂದ ಇವನು.

“ಓ, ಹಾಗಾದ್ರೆ ಅಮ್ಮಾವ್ರನ್ನೂ ಕರ್ಕೊಂಡು ಬರೋದಲ್ವಾ ಸಾರ್? ಅವರ ತವರಿಗೆ ಹೋಗೋದು, ಬಣ್ಣ ಅವರೇ ಆರಿಸಿಬಿಡ್ತಿದ್ರು.”

ಅಂಗಡಿಯವನು ಹಳದಿ, ಬೂದು, ನೀಲಿ ಬಣ್ಣದ ಮೂರು ಅಂಗಿ ಬಿಚ್ಚಿ ಗಾಜಿನ ಮೇಲೆ ಹರಡಿದ. ದಿನವಿಡೀ ಹಲ್ಲಿನ ಬಣ್ಣಕ್ಕೆ ಬಣ್ಣ ಕೂಡಿಸುವ ಕಣ್ಣು ಅದು, ಆದರೂ ಅಂಗಿಯ ಮುಂದೆ ಬಹಳ ಹೊತ್ತು ನಿಂತಿತು. ಹಿಂದೆ ಇನ್ನೊಬ್ಬ ಗಿರಾಕಿ ಬಂದು ಕೆಮ್ಮಿದ.

“ಆ ನೀಲಿದು ಕೊಡಿ,” ಎಂದ ಅವನು.